ನಾಲಗೆಯ ಅರಿವಿಗೂ ಒಂದು ಮನೆ ಬೇಕು

ಗೌರಿಬಿದನೂರಿನ ಬಳಿಯ ಕುಡುಮಲಕುಂಟೆ ಎಂದರೆ ಇಂದಿನವರಿಗೆ ಮೊದಲು ನೆನಪಾಗುವುದು ಕೈಗಾರಿಕಾ ಪ್ರದೇಶ. ತಗಡಿನ ಚಾವಣಿಯ ದೊಡ್ಡ ದೊಡ್ಡ ಶೆಡ್ಡುಗಳು, ಸಾಲುಗಟ್ಟಿ ನಿಂತ ಲಾರಿಗಳು, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹುಡುಗ ಹುಡುಗಿಯರು. ಆದರೆ ಊರಿನ ಹೆಸರಿನ ಕೊನೆಯಲ್ಲಿ ಒಂದು ಕುಂಟೆ ಉಳಿದುಕೊಂಡಿದೆ. ಕೆರೆಗಿಂತ ಚಿಕ್ಕದಾದ ನೀರಿನ ಹೊಂಡವನ್ನು ನಮ್ಮ ಬಯಲುಸೀಮೆಯಲ್ಲಿ ಕುಂಟೆ ಎನ್ನುತ್ತೇವೆ. ಈ ಭಾಗದ ಎಷ್ಟೋ ಊರುಗಳು ಹೀಗೆಯೇ ಕೆರೆ, ಕುಂಟೆ, ಬಾವಿಗಳ ಹೆಸರನ್ನು ಹೊತ್ತಿವೆ. ಮಳೆಯನ್ನು ನಂಬಲಾಗದ ಸೀಮೆಯಲ್ಲಿ ಮನೆ ಕಟ್ಟುವವರು ಮೊದಲು ವಿಚಾರಿಸುತ್ತಿದ್ದುದು ಕುಡಿಯುವ ನೀರು ಎಲ್ಲಿದೆ ಎಂಬುದನ್ನು.

ನನ್ನ ತಾಯಿಯ ತವರು ಈ ಆಸುಪಾಸಿನ ಒಂದು ಸಣ್ಣ ಹಳ್ಳಿ. ಬೇಸಿಗೆ ರಜೆಯನ್ನು ನಾನು ಅಲ್ಲಿಯೇ ಕಳೆಯುತ್ತಿದ್ದೆ. ಅಕ್ಷರ ಬಾರದ ನನ್ನ ಅಜ್ಜಿಗೆ ಊರಿನ ಬಾವಿಗಳ ನೀರೆಲ್ಲ ನಾಲಗೆಯಿಂದಲೇ ಪರಿಚಯ. ಒಂದು ಬಾವಿಯದು ಸಿಹಿನೀರು, ಇನ್ನೊಂದರದು ಸಪ್ಪೆ, ಮೂರನೆಯದು ಉಪ್ಪು. ಅದು ದನಗಳಿಗೆ ಮತ್ತು ಬಟ್ಟೆಗೆ ಮಾತ್ರ. ತೊಗರಿಬೇಳೆ ಬೇಯಲು ಯಾವ ಬಾವಿಯ ನೀರು, ಮಜ್ಜಿಗೆಗೆ ಯಾವುದು, ಬಾಣಂತಿಗೆ ಯಾವುದು ಎಂಬ ನಿಯಮಗಳು ಅವರ ಬಳಿ ಇದ್ದವು. ಸೋಮಾರಿತನದಿಂದ ನಾವು ಹತ್ತಿರದ ಬಾವಿಯ ನೀರು ತಂದರೆ ಒಂದು ಗುಟುಕಿನಲ್ಲಿ ಕಳ್ಳತನ ಬಯಲಾಗುತ್ತಿತ್ತು. ಬೇಳೆ ಬೇಯದಿರುವುದಕ್ಕೆ ನೀರಿನ ಗಡಸುತನ ಕಾರಣ, ಅದರಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕಾರಣ ಎಂಬುದನ್ನು ನಾನು ಓದಿದ್ದು ಬಹಳ ವರ್ಷಗಳ ನಂತರ. ಅಜ್ಜಿಗೆ ಕಾರಣ ಗೊತ್ತಿರಲಿಲ್ಲ, ಫಲಿತಾಂಶ ಗೊತ್ತಿತ್ತು.

ಅಜ್ಜಿಯ ಈ ವಿದ್ಯೆ ನನಗೆ ಮತ್ತೆ ನೆನಪಾದದ್ದು ಪ್ಯಾರಿಸ್ ನಗರದಲ್ಲಿ. ನಿವೃತ್ತನಾದ ಮೇಲೆ ಒಮ್ಮೆ ಯುರೋಪಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ನನ್ನನ್ನು ಪಾಸ್ಸಿ ಎಂಬ ಬಡಾವಣೆಯ ಒಂದು ಪುಟ್ಟ ವೈನ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಳು. ನೆಲದಡಿಯ ಹಳೆಯ ಸುಣ್ಣಕಲ್ಲಿನ ಗಣಿ, ಕಮಾನಿನ ಕೋಣೆಗಳು. ಒಂದು ಕಾಲದಲ್ಲಿ ಅಲ್ಲಿನ ಕ್ರೈಸ್ತ ಸಂನ್ಯಾಸಿಗಳು ತಮ್ಮ ವೈನನ್ನು ಅದರಲ್ಲಿ ಇಡುತ್ತಿದ್ದರಂತೆ. ದ್ರಾಕ್ಷಿ ಕತ್ತರಿಸುವ ಕುಡುಗೋಲು, ಪೀಪಾಯಿ ಮಾಡುವವನ ಉಳಿ, ಬಿರಡೆ ತೆಗೆಯುವ ನೂರೆಂಟು ಬಗೆಯ ತಿರುಪು, ರುಚಿ ನೋಡುವ ಬೆಳ್ಳಿಯ ಬಟ್ಟಲು, ನಡುವೆ ಮೇಣದ ಗೊಂಬೆಗಳು. ದೊಡ್ಡ ಅರಮನೆಯಲ್ಲ, ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದು. ಆ ಬೀದಿಯ ಹೆಸರಿನ ಅರ್ಥ 'ನೀರುಗಳ ಬೀದಿ'. ಆ ಬಡಾವಣೆ ಹಿಂದೆ ತನ್ನ ಖನಿಜಜಲದ ಊಟೆಗಳಿಗೆ ಹೆಸರಾಗಿತ್ತು. ವೈನಿನ ಮನೆಗೆ ಹೋಗುವ ದಾರಿಯೂ ನೀರಿನದೇ.

ಅಲ್ಲಿ ನನ್ನನ್ನು ಸೆಳೆದದ್ದು ಸೊಮೆಲಿಯೇ ಎಂಬ ವೃತ್ತಿ. ಹೆಸರು ಕೇಳಿದೊಡನೆ ನಮ್ಮವರಿಗೆ ಸೋಮರಸ ನೆನಪಾಗಬಹುದು, ಸಂಬಂಧವೇನೂ ಇಲ್ಲ. ಹೇರು ಹೊರುವ ಪ್ರಾಣಿಗಳನ್ನು ನಡೆಸುವವನು ಎಂಬ ಅರ್ಥದಿಂದ ಹುಟ್ಟಿದ ಫ್ರೆಂಚ್ ಪದವದು. ಅರಸರ ಸಾಮಾನು ಸಾಗಿಸುವವನು ಕ್ರಮೇಣ ಉಗ್ರಾಣದ ಅಧಿಕಾರಿಯಾದ, ಆಮೇಲೆ ಯಾವ ಊಟಕ್ಕೆ ಯಾವ ಪಾನೀಯ ಎಂದು ಹೇಳಬಲ್ಲ ತಜ್ಞನಾದ. ಇಂದು ಪರೀಕ್ಷೆ ಬರೆದು, ಕಣ್ಣು ಕಟ್ಟಿದರೂ ಮೂಗು ಮತ್ತು ನಾಲಗೆಯಿಂದ ದ್ರಾಕ್ಷಿಯ ತಳಿ, ಸೀಮೆ, ವರ್ಷಗಳನ್ನು ಗುರುತಿಸಬಲ್ಲವರಿಗೆ ಜಗತ್ತಿನಲ್ಲಿ ದೊಡ್ಡ ಮರ್ಯಾದೆಯಿದೆ. ಆ ಕಮಾನಿನ ಕೆಳಗೆ ನಿಂತು ನನಗೆ ಅನ್ನಿಸಿದ್ದು ಇಷ್ಟೇ: ನೀರು ಎಲ್ಲಿಯದು ಎಂದು ಒಂದು ಗುಟುಕಿನಲ್ಲಿ ಹೇಳುತ್ತಿದ್ದ ಅಜ್ಜಿಯೂ ಇದೇ ಕೆಲಸವನ್ನಲ್ಲವೇ ಮಾಡುತ್ತಿದ್ದುದು? ಫ್ರೆಂಚರು ಆ ಅರಿವಿಗೆ ಒಂದು ಮನೆ ಕಟ್ಟಿದರು. ನಾವು ಅದನ್ನು ಅಜ್ಜಿಯೊಂದಿಗೇ ಕಳುಹಿಸಿಬಿಟ್ಟೆವು.

ಮರೆತ ಪರಂಪರೆ

ಪಾನೀಯವನ್ನು ಶಾಸ್ತ್ರವಾಗಿ ಕಾಣುವುದು ನಮಗೆ ಹೊಸತೇನೂ ಅಲ್ಲ. 1025ರ ಸುಮಾರಿಗೆ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ನೆಲದಡಿಯ ನೀರನ್ನು ಕುರುಹುಗಳಿಂದ ಪತ್ತೆಮಾಡುವ ವಿಷಯವಿದೆ, ಅಡುಗೆಯ ವಿಷಯವೂ ಇದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗದ ಜೊತೆಗೆ ಪಾನೀಯಭೋಗಕ್ಕೂ ಸ್ಥಾನವಿದೆ. ಅರಸನಾದವನು ನೀರನ್ನು ಅದರ ಮೂಲ ನೋಡಿ, ಋತು ನೋಡಿ ಕುಡಿಯಬೇಕು ಎಂಬ ವಿವೇಚನೆ ಅಲ್ಲಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ 'ಸೂಪಶಾಸ್ತ್ರ' ಪಾನಕಗಳನ್ನೂ ಬಿಟ್ಟಿಲ್ಲ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗೆ ಭೂಮಿ ಬಿಟ್ಟ ದಾನಗಳು ನಮ್ಮ ಶಾಸನಗಳಲ್ಲಿ ದಾಖಲಾಗಿವೆ. ಬಾಯಾರಿದವರಿಗೆ ನೀರು ಕೊಡುವುದನ್ನು ಕಲ್ಲಿನಲ್ಲಿ ಕೊರೆಸುವಷ್ಟು ಮುಖ್ಯವೆಂದು ಭಾವಿಸಿದ ಸಮಾಜ ನಮ್ಮದು.

ಮದ್ಯದ ವಿಷಯದಲ್ಲಿಯೂ ನಮ್ಮ ಹಿರಿಯರು ಇಂದಿನ ನಮಗಿಂತ ಮುಕ್ತ ಮನಸ್ಸಿನಿಂದ ಮಾತನಾಡಿದ್ದಾರೆ. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರುವುದು ಅವನ ಕಾಯಕವಾಗಿತ್ತು. ಅವನ ವಚನಗಳು ಇತರ ಶರಣರ ವಚನಗಳ ಸಾಲಿನಲ್ಲಿಯೇ ಕುಳಿತಿವೆ. ಕನ್ನಡದ ಅಧ್ಯಾಪಕರಾಗಿದ್ದ ಜಿ.ಪಿ. ರಾಜರತ್ನಂ ಅವರು ಒಬ್ಬ ಹೆಂಡಗುಡುಕನ ಬಾಯಲ್ಲಿ ಕನ್ನಡದ ಮೇಲಿನ ಪ್ರೀತಿಯನ್ನು ಹಾಡಿಸಿದರು, ನಾಡು ಅದನ್ನು ಎದೆಗೆ ಹಚ್ಚಿಕೊಂಡಿತು. ಸಾಹಿತ್ಯದಲ್ಲಿ ಸಿಕ್ಕ ಈ ಜಾಗ ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಮಾತ್ರ ಸಿಗಲಿಲ್ಲ. ಅಲ್ಲಿ ಖಡ್ಗಗಳಿವೆ, ನಾಣ್ಯಗಳಿವೆ, ಮುಕ್ಕಾದ ವಿಗ್ರಹಗಳಿವೆ. ಜನ ದಿನವೂ ಕುಡಿದ ಅಂಬಲಿಯ ಕುಡಿಕೆ, ಮಜ್ಜಿಗೆಯ ಕಡೆಗೋಲು, ಈಚಲು ಮರಕ್ಕೆ ಕಟ್ಟಿದ ಮಡಕೆ ಎಷ್ಟು ಕಡೆ ಕಾಣಸಿಗುತ್ತವೆ?

ಕಾಫಿ ಈ ಮಾತಿಗೆ ಅಪವಾದ. ಬಾಬಾಬುಡನ್ ಅವರು ಏಳು ಬೀಜಗಳನ್ನು ತಂದರೆಂಬ ಐತಿಹ್ಯವಿರುವ ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯ ವಸ್ತುಸಂಗ್ರಹಾಲಯವಿದೆ. ಬೀಜದಿಂದ ಬಟ್ಟಲಿನವರೆಗಿನ ಪಯಣವನ್ನು ಅಲ್ಲಿ ನೋಡಬಹುದು. ಕಾಫಿಯ ರುಚಿ ನೋಡುವ ವೃತ್ತಿಗೂ ನಮ್ಮಲ್ಲಿ ದೊಡ್ಡ ಹೆಸರಿದೆ. 1972ರಲ್ಲಿ ಕಾಫಿ ಮಂಡಳಿ ಸೇರಿದ ಸುನಾಲಿನಿ ಮೆನನ್ ಅವರನ್ನು ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿತಜ್ಞೆ ಎಂದು ಗುರುತಿಸಲಾಗುತ್ತದೆ. 1990ರ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ತಮ್ಮದೇ ಪ್ರಯೋಗಾಲಯ ಸ್ಥಾಪಿಸಿದರು. ಈ ಪರೀಕ್ಷೆಯನ್ನು ನಾನೊಮ್ಮೆ ಹತ್ತಿರದಿಂದ ನೋಡಿದ್ದೇನೆ. ತರಿತರಿಯಾಗಿ ಪುಡಿಮಾಡಿದ ಕಾಫಿಗೆ ಬಿಸಿನೀರು ಸುರಿದು ಸುಮಾರು ನಾಲ್ಕು ನಿಮಿಷ ಬಿಡುತ್ತಾರೆ. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆಯುವಾಗ ಮೂಗನ್ನು ಬಟ್ಟಲಿನ ಅಂಚಿಗೆ ತರುತ್ತಾರೆ. ಆಮೇಲೆ ಒಂದು ಚಮಚವನ್ನು ಸೊರ್ ಎಂದು ಸದ್ದು ಮಾಡಿ ಹೀರಿ, ಬಾಯೆಲ್ಲ ಆಡಿಸಿ ಉಗುಳುತ್ತಾರೆ. ಮನೆಯಲ್ಲಿ ಹಾಗೆ ಕುಡಿದರೆ ಬೈಗುಳ ಸಿಗುತ್ತದೆ. ಗಾಳಿಯೊಡನೆ ಬೆರೆತ ದ್ರವ ನಾಲಗೆಯ ಎಲ್ಲ ಕಡೆಗೂ ಹರಡಿ, ಪರಿಮಳ ಮೂಗಿಗೆ ಏರಲಿ ಎಂಬುದು ಆ ಸದ್ದಿನ ಉದ್ದೇಶ. ಮಣ್ಣಿನ ವಾಸನೆ, ಒಣಗಿಸುವಾಗ ಆದ ತಪ್ಪು, ಹಳೆಯ ಗೋಣಿಚೀಲದ ಕಮಟು ಎಲ್ಲವೂ ಅಲ್ಲಿ ಸಿಕ್ಕಿಬೀಳುತ್ತವೆ. ಬೆಳೆಗಾರನ ಒಂದು ವರ್ಷದ ದುಡಿಮೆಯ ಬೆಲೆ ಆ ಒಂದು ಚಮಚದ ಮೇಲೆ ನಿಂತಿರುತ್ತದೆ.

ದ್ರಾಕ್ಷಿಯ ಸೀಮೆ

ಇನ್ನು ನಮ್ಮ ಜಿಲ್ಲೆಯ ಮಾತು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆ ದ್ರಾಕ್ಷಿಯ ಸೀಮೆ. ದಪ್ಪ ಸಿಪ್ಪೆಯ, ಗಾಢ ನೀಲಿಯ, ದೂರದಿಂದಲೇ ಘಮ್ಮೆನ್ನುವ ಬೆಂಗಳೂರು ನೀಲಿ ದ್ರಾಕ್ಷಿ ಇಲ್ಲಿಯೂ, ಬೆಂಗಳೂರು ಗ್ರಾಮಾಂತರ ಮತ್ತು ಕೋಲಾರ ಜಿಲ್ಲೆಗಳಲ್ಲಿಯೂ ಬೆಳೆಯುತ್ತದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ರಸ, ಜಾಮ್, ಸಿಹಿ ವೈನ್ ಎಲ್ಲಕ್ಕೂ ಅದು ಒದಗುತ್ತದೆ. ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಕುಟುಂಬ 1980ರ ದಶಕದಲ್ಲಿ ಫ್ರೆಂಚ್ ತಳಿಯ ಬಳ್ಳಿಗಳನ್ನು ನೆಟ್ಟು 1992ರಲ್ಲಿ ವೈನ್ ತಂದಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ, ವೈನ್ ಮಂಡಳಿಯನ್ನೂ ಸ್ಥಾಪಿಸಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಆಗ ಬಳಕೆಗೆ ಬಂದವು.

ಇಲ್ಲಿಂದ ಎರಡು ಗಂಟೆಯ ದಾರಿಯ ಬೆಂಗಳೂರಿನ ಕಥೆಯೂ ಚಿಕ್ಕದಲ್ಲ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬಾತ ಕೆಲವು ಬಿಯರ್ ಕಾರ್ಖಾನೆಗಳನ್ನು ಒಗ್ಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಸಂಸ್ಥೆಯ ನಿರ್ದೇಶಕರಾಗಿ 1947ರಲ್ಲಿ ವಿಠಲ್ ಮಲ್ಯ ಬಂದರು. ಬಿಯರ್ ಕುದಿಯುತ್ತಿದ್ದ ನಗರಮಧ್ಯದ ಆ ಜಾಗದಲ್ಲಿ ಇಂದು ಗಾಜಿನ ಗೋಪುರಗಳೂ ಅಂಗಡಿಗಳೂ ನಿಂತಿವೆ. 1948ರಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. 2010ರ 'ವಿಸ್ಕಿ ಬೈಬಲ್' ಅದರ ಒಂದು ವಿಸ್ಕಿಗೆ ಜಗತ್ತಿನಲ್ಲಿ ಮೂರನೆಯ ಸ್ಥಾನ ಕೊಟ್ಟಿತು. ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗಕ್ಕೆ ಆ ವೃತ್ತಿಯಲ್ಲಿ 'ದೇವತೆಗಳ ಪಾಲು' ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ದೇವತೆಗಳು ವರ್ಷಕ್ಕೆ ಶೇ 2ರಷ್ಟಕ್ಕೆ ತೃಪ್ತರಾದರೆ ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು ಕೇಳುತ್ತಾರೆ. ನಮ್ಮ ಬಿಸಿಲಿನಲ್ಲಿ ಮದ್ಯ ಬೇಗ ಹಣ್ಣಾಗುವುದೂ ಅದೇ ಕಾರಣದಿಂದ.

ಇವೆಲ್ಲ ಲಾಭ ಕಂಡ ಕಥೆಗಳು. ಹೇಗೋ ಯಾರೋ ಬರೆದಿಡುತ್ತಾರೆ. ನನ್ನನ್ನು ಕಾಡುವುದು ಬರೆದಿಡಲು ಯಾರೂ ಇಲ್ಲದ ಕಥೆಗಳು. ಅವುಗಳಲ್ಲಿ ಒಂದರ ಅಳಿವಿಗೆ ನಾನೇ ಸಹಿ ಹಾಕಿದ್ದೇನೆ.

ನನ್ನ ತಪ್ಪೊಪ್ಪಿಗೆ

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಆಗ ನಾನು ಒಂದು ಜಿಲ್ಲಾ ಕಚೇರಿಯಲ್ಲಿ ಅಬಕಾರಿಗೆ ಸಂಬಂಧಿಸಿದ ದಾಸ್ತಾನು ಮತ್ತು ದಫ್ತರದ ಜವಾಬ್ದಾರಿ ಹೊತ್ತಿದ್ದೆ. ಸಾರಾಯಿಯಿಂದ ಬಡವರ ಮನೆಗಳು ಹೇಗೆ ಹಾಳಾಗಿದ್ದವೆಂಬುದನ್ನು ಕಣ್ಣಾರೆ ಕಂಡಿದ್ದ ನನಗೆ ಆ ನಿರ್ಧಾರದ ಬಗ್ಗೆ ಗೌರವವಿತ್ತು, ಇಂದಿಗೂ ಇದೆ. ಆದರೆ ಅದರ ಹಿಂದೆಯೇ ಗೋದಾಮು ಖಾಲಿ ಮಾಡುವ ಕೆಲಸ ಬಂತು. ದಶಕಗಳಿಂದ ಕೂಡಿಬಿದ್ದಿದ್ದ ವಸ್ತುಗಳ ಪಟ್ಟಿ ಮಾಡಿಸಿದೆ: ಮದ್ಯದ ಕಸುವು ಅಳೆಯುವ ಹಿತ್ತಾಳೆಯ ಹೈಡ್ರೋಮೀಟರುಗಳು, ಮರದ ಪೆಟ್ಟಿಗೆಯಲ್ಲಿ ಅವುಗಳ ತೂಕದ ಬಿಲ್ಲೆಗಳು, ತಾಮ್ರದ ಅಳತೆಯ ಪಾತ್ರೆಗಳು, ಪೀಪಾಯಿಗಳು, ಕಳ್ಳಭಟ್ಟಿಯ ದಾಳಿಗಳಲ್ಲಿ ವಶಪಡಿಸಿಕೊಂಡ ಮಡಕೆ ಮತ್ತು ಬಿದಿರಿನ ಕೊಳವೆಗಳು. ಜೊತೆಗೆ ಈಚಲು ವನಗಳ ದಪ್ಪ ದಪ್ಪ ವಹಿಗಳು. ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಮರ, ಪ್ರತಿ ಮರಕ್ಕೆ ಯಾವ ಸಂಖ್ಯೆ, ಯಾರು ಹತ್ತುವವರು ಎಂಬ ವಿವರ ಅವುಗಳಲ್ಲಿತ್ತು.

ಸರ್ಕಾರಿ ದಫ್ತರದಲ್ಲಿ ಕಡತಗಳಿಗೂ ಜಾತಿಯುಂಟು. 'ಎ' ವರ್ಗ ಶಾಶ್ವತ, 'ಬಿ' 30 ವರ್ಷ, 'ಸಿ' 10 ವರ್ಷ, 'ಡಿ' 5 ವರ್ಷ, 'ಇ' ಒಂದೇ ವರ್ಷ. ಆ ವಹಿಗಳ ಅವಧಿ ಎಂದೋ ಮುಗಿದಿತ್ತು. ವಸ್ತುಗಳ ಮೇಲೆ 'ನಿರುಪಯುಕ್ತ' ಎಂಬ ಷರಾ ಬರೆಯಲಾಯಿತು. ನಿಯಮದಂತೆ ಹರಾಜು ನಡೆಯಿತು. ತಾಮ್ರ, ಹಿತ್ತಾಳೆ ಬೇರೆ ಬೇರೆಯಾಗಿ ತೂಕಕ್ಕೆ ಹೋದವು, ಕಾಗದ ರದ್ದಿಗೆ ಹೋಯಿತು, ಮಡಕೆಗಳನ್ನು ಅಂಗಳದಲ್ಲಿಯೇ ಒಡೆದರು. ಸಹಿ ನನ್ನದೇ. ಬಂದ ಹಣವನ್ನು ಖಜಾನೆಗೆ ಕಟ್ಟಿ ಚಲನ್ ಪಡೆದು ಕಡತ ಮುಕ್ತಾಯ ಮಾಡಿದೆ. ಲೆಕ್ಕ ತಪಾಸಣೆಯವರಿಂದ ಒಂದು ಆಕ್ಷೇಪಣೆಯೂ ಬರಲಿಲ್ಲ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಬೆಲೆಗೂ ಮೌಲ್ಯಕ್ಕೂ ಇರುವ ವ್ಯತ್ಯಾಸ ಅಂದು ಹೊಳೆಯಲಿಲ್ಲ.

ಅದೇ ಕಚೇರಿಯಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ನೌಕರರೊಬ್ಬರಿದ್ದರು. ಸಾರಾಯಿಯ ಸೀಸೆಯನ್ನು ಒಮ್ಮೆ ಕುಲುಕಿ, ಏಳುವ ಗುಳ್ಳೆಗಳ ಗಾತ್ರ ನೋಡಿ, ಅವು ಎಷ್ಟು ಹೊತ್ತು ನಿಲ್ಲುತ್ತವೆಂದು ಗಮನಿಸಿ ಅದರ ಕಸುವು ಹೇಳುತ್ತಿದ್ದರು. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ, ಮೂಸಿ, ಕಲಬೆರಕೆಯಿದ್ದರೆ ಮುಖ ಸಿಂಡರಿಸುತ್ತಿದ್ದರು. ಹೈಡ್ರೋಮೀಟರ್ ಇಳಿಬಿಟ್ಟು ನೋಡಿದರೆ ಅವರ ಮಾತಿಗೂ ಅದಕ್ಕೂ ಹೆಚ್ಚು ಅಂತರವಿರುತ್ತಿರಲಿಲ್ಲ. ಅವರು ಮದ್ಯವನ್ನು ಎಂದೂ ನಾಲಗೆಗೆ ತಾಕಿಸಿದವರಲ್ಲ. ಹರಾಜಿನ ದಿನ ಅವರು ನನ್ನ ಮೇಜಿನ ಬಳಿ ಬಂದು, "ಸಾರ್, ಒಂದು ಜೊತೆ ಅಳತೆನಾದ್ರೂ ಇಟ್ಟುಕೊಳ್ಳಬಹುದಿತ್ತು ಸಾರ್, ಮುಂದಿನೋರು ನೋಡಲಿಕ್ಕೆ" ಎಂದರು. ಯಾವ ನಿಯಮದಡಿ ಇಟ್ಟುಕೊಳ್ಳುವುದು ಎಂದು ನಾನು ಕೇಳಿದೆ. ಅವರು ಮರುಮಾತಾಡಲಿಲ್ಲ. ಈಗ ಅವರೂ ಇಲ್ಲ. ಅವರ ಕೈಯ ವಿದ್ಯೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುವ ಬುದ್ಧಿಯಾದರೂ ನನಗೆ ಬರಬೇಕಿತ್ತು.

ವೈಭವೀಕರಣವಲ್ಲವೇ?

ಪಾನೀಯಗಳ ಒಂದು ಸಣ್ಣ ವಸ್ತುಸಂಗ್ರಹಾಲಯ ನಮ್ಮ ಭಾಗದಲ್ಲಿ ಬರಬೇಕೆಂದು ನಾನು ಗೆಳೆಯರಲ್ಲಿ ಹೇಳಿದಾಗ ಬರುವ ಮೊದಲ ಪ್ರಶ್ನೆ: ಕುಡಿತವನ್ನು ವೈಭವೀಕರಿಸಿದಂತಾಗುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತಾಗ ನಾನು ಅದೇ ನಗರದಲ್ಲಿ ವಿದ್ಯಾರ್ಥಿ. ಆಸ್ಪತ್ರೆಯ ಮುಂದಿನ ಅಳು ಇನ್ನೂ ಕಿವಿಯಲ್ಲಿದೆ. ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ ಬೆಂಗಳೂರು ಮತ್ತು ಕೋಲಾರದ ಕಡೆ, ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಮತ್ತೆ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕುಡಿದು ಸತ್ತವರಿಗೆ ಗೊತ್ತಿಲ್ಲದೇ ಇದ್ದದ್ದು, ಲೋಟದಲ್ಲಿದ್ದುದು ಈಥೈಲ್ ಆಲ್ಕೋಹಾಲ್ ಅಲ್ಲ, ಮೀಥೈಲ್ ಆಲ್ಕೋಹಾಲ್ ಎಂಬುದು. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ಇದನ್ನು ನಾಲಗೆಯಿಂದ ಪತ್ತೆಹಚ್ಚಲು ಯಾವ ತಜ್ಞನಿಗೂ ಸಾಧ್ಯವಿಲ್ಲ. ನಾಲಗೆಯ ಅರಿವಿಗೆ ಮಿತಿ ಎಲ್ಲಿದೆ ಎಂಬುದನ್ನು ತಿಳಿಸುವುದೂ ಅಂಥ ಸಂಗ್ರಹಾಲಯದ ಕೆಲಸವೇ.

ಕುಡಿತದ ವಿರುದ್ಧ ನಿಂತವರ ಚರಿತ್ರೆಯೂ ಅಲ್ಲಿಗೇ ಸೇರಬೇಕು. 1990ರ ದಶಕದ ಆರಂಭದಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾಕ್ಷರತಾ ತರಗತಿಯಿಂದ ಎದ್ದು ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ರಾಜ್ಯವ್ಯಾಪಿ ಚಳವಳಿಯಾಗಿ 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು. ಆಂಧ್ರದ ಗಡಿಗೆ ಅಂಟಿಕೊಂಡಿರುವ, ಮನೆಯೊಳಗೆ ತೆಲುಗು ಕನ್ನಡ ಎರಡೂ ಆಡುವ ನಮ್ಮ ಸೀಮೆಗೆ ಆ ಸುದ್ದಿ ತಲುಪಲು ಪತ್ರಿಕೆ ಬೇಕಿರಲಿಲ್ಲ. 2019ರ ಜನವರಿಯಲ್ಲಿ ನಮ್ಮ ರಾಜ್ಯದ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅವರ ಸವೆದ ಚಪ್ಪಲಿಗಳೂ ಪ್ರದರ್ಶನಕ್ಕೆ ಅರ್ಹವೇ.

ವಸ್ತುಸಂಗ್ರಹಾಲಯದಲ್ಲಿ ಖಡ್ಗವಿಟ್ಟ ಮಾತ್ರಕ್ಕೆ ಯಾರೂ ಕೊಲೆಯನ್ನು ವೈಭವೀಕರಿಸಿದಂತಾಗುವುದಿಲ್ಲ. ನಿಜವಾದ ಮುಜುಗರ ಬೇರೆ ಕಡೆಯಿದೆ. ರಾಜ್ಯದ 2025-26ರ ಮುಂಗಡಪತ್ರ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಬೆಲೆ ಏರಿದರೂ ಬೇಡಿಕೆ ಅಷ್ಟಾಗಿ ಇಳಿಯದ ಸರಕಿನ ಮೇಲೆ ತೆರಿಗೆ ಹಾಕುವುದು ಖಜಾನೆಗೆ ಸುಲಭದ ದಾರಿ ಎಂದು ಅರ್ಥಶಾಸ್ತ್ರದ ಮೊದಲ ಪಾಠವೇ ಹೇಳುತ್ತದೆ. ಕುಡಿಯುವವನ ಕೂಲಿಯಿಂದ ಶಾಲೆ ಕಟ್ಟುತ್ತೇವೆ, ರಸ್ತೆ ಮಾಡುತ್ತೇವೆ. ಅವನು ಏನು ಕುಡಿದ, ಅದನ್ನು ಯಾರು ಮಾಡಿದರು, ಅದರಿಂದ ಯಾರು ಬದುಕಿದರು, ಯಾರು ಸತ್ತರು ಎಂಬುದನ್ನು ನೆನಪಿಡಲು ಮಾತ್ರ ನಮಗೆ ಸಂಕೋಚ. ಹಣ ಬೇಕು, ನೆನಪು ಬೇಡ ಎಂಬ ಈ ಧೋರಣೆಯಲ್ಲಿ ನೈತಿಕತೆ ಎಲ್ಲಿದೆ?

ನೆರೆಯ ಗೋವಾ ಈ ಸಂಕೋಚವನ್ನು ಬಿಟ್ಟಿದೆ. ಅಲ್ಲಿನ ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. 2021ರಲ್ಲಿ ಕ್ಯಾಂಡೋಲಿಮ್‌ನಲ್ಲಿ ಖಾಸಗಿಯವರೊಬ್ಬರು ತಾವು ಕೂಡಿಸಿದ ಹಳೆಯ ಗಾಜಿನ ಬುರುಡೆಗಳು, ಅಳತೆಗಳು, ಬಟ್ಟಲುಗಳನ್ನಿಟ್ಟು ಮದ್ಯದ ವಸ್ತುಸಂಗ್ರಹಾಲಯವೊಂದನ್ನು ತೆರೆದರು. ಆದರೆ ನನ್ನ ಮನಸ್ಸಿನಲ್ಲಿರುವುದು ಪ್ರವಾಸಿಗರಿಗೆ ಮದ್ಯದ ರುಚಿ ತೋರಿಸುವ ಸ್ಥಳವಲ್ಲ. ಶಾಲೆಯ ಮಕ್ಕಳು ಮೇಷ್ಟರೊಂದಿಗೆ ಬಂದು ನೋಡುವಂಥದು.

ಎರಡು ಕೋಣೆ ಸಾಕು

ದೊಡ್ಡ ಕಟ್ಟಡ ಬೇಡ. ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಆ ನೆನಪಿನ ವೀರಸೌಧದಲ್ಲಿ ಇರುವುದು ಮುಖ್ಯವಾಗಿ ಚಿತ್ರಗಳು, ಬರಹಗಳು. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆಯೇ ಒಂದು ಪುಟ್ಟ ಸಂಗ್ರಹಾಲಯ. ಎರಡನ್ನೂ ನೋಡಲು ಜನ ಬರುತ್ತಾರೆ. ಇದೇ ಅಳತೆಯಲ್ಲಿ, ಕುಡುಮಲಕುಂಟೆಯಂಥ ಊರಿನಲ್ಲಿ ಬಳಕೆಯಿಲ್ಲದೆ ನಿಂತ ಯಾವುದಾದರೂ ಸಾರ್ವಜನಿಕ ಕಟ್ಟಡದ ಎರಡು ಕೋಣೆ ಸಿಕ್ಕರೆ ಸಾಕು.

ಮೊದಲ ಕೋಣೆಯಲ್ಲಿ ಅರವಟ್ಟಿಗೆಯ ಗುಡಾಣ, ರಾಗಿ ಅಂಬಲಿಯ ಕುಡಿಕೆ, ರಾಮನವಮಿಯ ಪಾನಕದ ಕೊಳಗ, ಕಾಫಿ ಸೋಸುವ ಹಿತ್ತಾಳೆಯ ಫಿಲ್ಟರ್ ಇರಲಿ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದು, ನಮ್ಮ ಸಂತೆಗಳಲ್ಲಿ ಗೋಲಿ ಸೋಡಾ ಎಂದು ಹೆಸರಾದ ಸೀಸೆಯೂ ಇರಲಿ. ಎರಡನೆಯದರಲ್ಲಿ ಈಚಲು ಮರ ಹತ್ತುವವನ ಹಗ್ಗ ಮತ್ತು ಕತ್ತಿ, ಒಳಗೆ ಸುಣ್ಣ ಬಳಿದರೆ ಸಿಹಿಯಾಗಿಯೇ ಉಳಿದು ಬಳಿಯದಿದ್ದರೆ ಮಧ್ಯಾಹ್ನಕ್ಕೆ ಹುಳಿಯಾಗುವ ರಸದ ಮಡಕೆ, ಪ್ಯಾಕೆಟ್ ಸಾರಾಯಿಯ ಪ್ಲಾಸ್ಟಿಕ್ ಚೀಲ, ವಿಷಮದ್ಯದ ವರ್ಷಗಳ ಪತ್ರಿಕೆಯ ಪುಟಗಳು. ನಡುವೆ ರುಚಿ ನೋಡುವವರ ಒಂದು ಮೇಜು: ಕಾಫಿಯ ಚಮಚ, ವೈನಿನ ಬಟ್ಟಲು, ಹೈಡ್ರೋಮೀಟರ್. ಇನ್ನೂ ಕೆಲವು ಕಚೇರಿಗಳ ಅಟ್ಟದಲ್ಲಿ ಇಂಥ ವಸ್ತುಗಳು ಉಳಿದಿರುವ ಸಂಭವವಿದೆ. ಅವುಗಳನ್ನು ಹರಾಜಿಗೆ ಹಾಕುವ ಮೊದಲು ಒಂದೊಂದು ಮಾದರಿಯನ್ನು ತೆಗೆದಿಡಬೇಕೆಂದು ಸರ್ಕಾರ ಒಂದು ಸುತ್ತೋಲೆ ಹೊರಡಿಸಿದರೆ ಖಜಾನೆಗೆ ಯಾವ ಹೊರೆಯೂ ಆಗದು. ಅಂದು ನಾನು ಕೇಳಿದ್ದ 'ಯಾವ ನಿಯಮದಡಿ' ಎಂಬ ಪ್ರಶ್ನೆಗೂ ಉತ್ತರ ದೊರೆತಂತಾಗುತ್ತದೆ.

ಆ ಮೇಜಿನ ಮೇಲೆ ನೀರಿನ ಲೋಟಗಳ ಒಂದು ಸಾಲೂ ಇರಬೇಕೆಂಬುದು ನನ್ನ ಆಸೆ. ಏಕೆಂದರೆ ಇಲ್ಲಿ ಇಂದು ಅತ್ಯಂತ ದೊಡ್ಡ ಪ್ರಶ್ನೆ ಮದ್ಯದ್ದಲ್ಲ, ನೀರಿನದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹ್ಯ ಎಂದು ಭಾರತೀಯ ಮಾನಕ ಹೇಳುತ್ತದೆ. ಆಳದಿಂದ ಆಳಕ್ಕೆ ಇಳಿದ ನಮ್ಮ ಭಾಗದ ಅನೇಕ ಕೊಳವೆಬಾವಿಗಳು ಈ ಮಿತಿಯನ್ನು ಮೀರಿವೆ. ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ; ಅದು ಕಾಣಿಸುವುದು ಮಕ್ಕಳ ಹಲ್ಲಿನ ಕಂದು ಕಲೆಗಳಲ್ಲಿ, ಹಿರಿಯರ ಬಿಗಿದ ಕೀಲುಗಳಲ್ಲಿ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯಡಿ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೆಯ ಹಂತದ ಸಂಸ್ಕರಣೆಯೂ ಬೇಕೆಂದು ರೈತರು ಕೇಳುತ್ತಲೇ ಇದ್ದಾರೆ. ಬಾವಿಯ ನೀರಿನ ಗುಣವನ್ನು ನಾಲಗೆಯಿಂದ ಕಂಡುಕೊಂಡ ಊರಿನಲ್ಲಿ ಈಗ ಪ್ರಯೋಗಾಲಯದ ವರದಿ ಬರುವವರೆಗೆ ಯಾರಿಗೂ ಏನೂ ತಿಳಿಯದು. ಬಂದ ವರದಿ ಕಚೇರಿಯ ಕಡತದಲ್ಲಿರುತ್ತದೆ. ಅದನ್ನು ಗೋಡೆಯ ಮೇಲೆ, ಕನ್ನಡದಲ್ಲಿ, ಊರೂರಿನ ಹೆಸರು ಹಿಡಿದು ತೂಗುಹಾಕುವ ಒಂದು ಜಾಗವಾದರೂ ಬೇಕು.

ಕಳೆದ ಬೇಸಿಗೆಯಲ್ಲಿ ತಾಯಿಯ ಊರಿಗೆ ಹೋಗಿದ್ದೆ. ಅಜ್ಜಿ ಮೆಚ್ಚುತ್ತಿದ್ದ ಸಿಹಿನೀರಿನ ಬಾವಿ ಒಣಗಿ ಕಸದಿಂದ ಅರ್ಧ ತುಂಬಿದೆ. ಪಕ್ಕದಲ್ಲೇ ಶುದ್ಧ ಕುಡಿಯುವ ನೀರಿನ ಘಟಕ; ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ನನ್ನ ತಾಯಿಯ ವಾರಿಗೆಯ ಹಿರಿಯ ಹೆಂಗಸೊಬ್ಬರು ಮೊಮ್ಮಗನ ಜೊತೆ ಅಲ್ಲಿಗೆ ಬಂದಿದ್ದರು. ನೀರು ಹೇಗಿದೆಯಮ್ಮ ಎಂದು ಕೇಳಿದೆ. "ಬೇಳೆ ಬೇಯತ್ತೆ ಕಣಪ್ಪಾ. ರುಚಿ ಅಂತ ಏನೂ ಇಲ್ಲ" ಎಂದರು. ಹಳೆಯ ಬಾವಿಯ ನೀರು ಹೇಗಿತ್ತು ಎಂದೆ. ಅವರು ಬಾವಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಯೋಚಿಸಿದರು. ಬಾಯಿ ಒಮ್ಮೆ ಚಪ್ಪರಿಸಿದಂತೆ ಆಡಿತು.

"ಬಾಯಲ್ಲಿ ಹೇಳೋಕ್ಕಾಗಲ್ಲ" ಎಂದರು. "ಕುಡಿದಿದ್ರೆ ನಿಂಗೇ ಗೊತ್ತಾಗ್ತಿತ್ತು."

ನಾನು ಕುಡಿದಿದ್ದೆ. ಎಷ್ಟು ಪ್ರಯತ್ನಿಸಿದರೂ ಆ ರುಚಿ ನೆನಪಿಗೆ ಬರಲಿಲ್ಲ.